ಇಪ್ಪತ್ತೆರಡು ಮಿಲಿಗ್ರಾಂ

ಸುಕೃತಿಯ ಬಲಗೈ ತೋರುಬೆರಳಿನ ತುದಿಗೆ ಸ್ಪರ್ಶ ಇರಲಿಲ್ಲ. ಬಿಸಿ, ತಣ್ಣಗೆ, ಚೂಪು, ನುಣುಪು ಯಾವುದೂ ತಿಳಿಯುತ್ತಿರಲಿಲ್ಲ. ಬೇರೆ ಕೆಲಸದವರಾಗಿದ್ದರೆ ಇದರೊಂದಿಗೆ ಹೇಗೋ ಬದುಕಬಹುದಿತ್ತು. ಅವಳು ಪೀಣ್ಯ ಎರಡನೇ ಹಂತದ ಒಂದು ಕ್ಯಾಲಿಬ್ರೇಷನ್ ಲ್ಯಾಬಿನಲ್ಲಿದ್ದಳು. ಸುತ್ತಲಿನ ಕಾರ್ಖಾನೆಗಳ ಅಳತೆಯ ಉಪಕರಣಗಳು ವರ್ಷಕ್ಕೊಮ್ಮೆ ಅವಳ ಮೇಜಿಗೆ ಬರುತ್ತಿದ್ದವು. ಅವು ಸರಿಯಾಗಿ ಅಳೆಯುತ್ತಿವೆಯೇ ಎಂದು ಅವಳು ಅಳೆದು ಹೇಳಬೇಕಿತ್ತು. ಅದಕ್ಕೆ ಬಳಸುವ ಉಕ್ಕಿನ ಬಿಲ್ಲೆಗಳನ್ನು ಒಂದರ ಮೇಲೊಂದು ಜಾರಿಸಿ ಕೂಡಿಸುವಾಗ ಅವು ಪರಸ್ಪರ ಹಿಡಿದುಕೊಳ್ಳುವ ಒಂದು ಕ್ಷಣವಿದೆ. ಅದು ಕಣ್ಣಿಗೆ ಕಾಣುವುದಿಲ್ಲ. ಬೆರಳಿಗೆ ತಿಳಿಯಬೇಕು.

ಕಾಯಿಲೆಯ ಹೆಸರು ಮಲ್ಟಿಪಲ್ ಸ್ಕ್ಲೀರೋಸಿಸ್. ಆಸ್ಪತ್ರೆಯಲ್ಲಿ ಎಲ್ಲರೂ ಎಂಎಸ್ ಎನ್ನುತ್ತಾರೆ. ದೇಹದ ಕಾವಲು ಪಡೆ ತನ್ನದೇ ನರಗಳ ಮೇಲಿನ ಹೊದಿಕೆಯನ್ನು ತಿನ್ನುತ್ತದೆ. ಅವಳಿಗೆ ಮೊದಲು ಒಂದು ಕಣ್ಣು ಮೂರು ವಾರ ಮಂಜಾಗಿ ಮರಳಿ ಬಂತು. ಆಮೇಲೆ ಕಾಲು ಹೋಯಿತು, ಅದೂ ಬಂತು. ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ ಬೆರಳು ಹೋಯಿತು, ಬರಲಿಲ್ಲ. ಹೊಸ ದಾಳಿ ತಡೆಯಲು ಆರು ತಿಂಗಳಿಗೊಂದು ಡ್ರಿಪ್ ನಡೆಯುತ್ತಿತ್ತು. ಹೋದದ್ದನ್ನು ವಾಪಸ್ ತರುವ ಔಷಧ ಯಾವ ಅಂಗಡಿಯಲ್ಲೂ ಇರಲಿಲ್ಲ.

ಅಂಥದ್ದು ಇರಬಹುದೇ ಎಂದು ನೋಡಲು ಮಹದೇವಪುರದ ಆಚೆಯ ಒಂದು ಟ್ರಸ್ಟ್ ಆಸ್ಪತ್ರೆ ಪ್ರಯೋಗ ನಡೆಸುತ್ತಿತ್ತು. ಔಷಧ ಹೊಸದಲ್ಲ. ಒಂದು ಸಕ್ಕರೆ ಕಾಯಿಲೆಯ ಮಾತ್ರೆ, ಇನ್ನೊಂದು ನೆಗಡಿ-ತುರಿಕೆಗೆ ಕೊಡುತ್ತಿದ್ದ ಹಳೆಯ ಕಾಲದ ಅಲರ್ಜಿ ಮಾತ್ರೆ. ಎರಡೂ ಸೇರಿದರೆ ದಿನಕ್ಕೆ ಒಂದು ಮಸಾಲೆ ದೋಸೆಯ ಬೆಲೆಯೂ ಆಗುವುದಿಲ್ಲ. ಇವೆರಡೂ ಸೇರಿ ನರದ ಹೊದಿಕೆಯನ್ನು ಮತ್ತೆ ಬೆಳೆಸಬಹುದು ಎಂಬ ಊಹೆ ಕೆಲವು ಡಾಕ್ಟರುಗಳಿಗಿತ್ತು. ಇಷ್ಟು ಅಗ್ಗದ ಮಾತ್ರೆಯಿಂದ ಯಾವ ಕಂಪನಿಗೂ ಲಾಭವಿಲ್ಲ, ಹಾಗಾಗಿ ಕಂಪನಿಗಳು ಪರೀಕ್ಷಿಸುವುದಿಲ್ಲ. ಟ್ರಸ್ಟಿನ ಹಣದಲ್ಲಿ ಅರವತ್ತನಾಲ್ಕು ಜನರನ್ನು ಎರಡು ವರ್ಷ ನೋಡಬಹುದಿತ್ತು. ಅರ್ಧ ಜನಕ್ಕೆ ನಿಜವಾದ ಔಷಧ, ಅರ್ಧ ಜನಕ್ಕೆ ಬರೀ ಹಿಟ್ಟು. ಎರಡೂ ಒಂದೇ ಬಣ್ಣದ ಕ್ಯಾಪ್ಸುಲ್‌ನಲ್ಲಿ.

ಸಹಿ ಹಾಕುವ ದಿನ, ಪ್ರಯೋಗದ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ತನ್ಮಯಿಯನ್ನು ಸುಕೃತಿ ಕೇಳಿದಳು: "ನಂದು ಯಾವುದು ಅಂತ ನಿಮಗೆ ಗೊತ್ತಿರುತ್ತಾ?"

"ನಂಗೂ ಗೊತ್ತಿಲ್ಲ, ಡಾಕ್ಟರ್‌ಗೂ ಗೊತ್ತಿಲ್ಲ. ಫಾರ್ಮಸಿ ಲಾಕರಲ್ಲಿ ಕವರ್ ಇದೆ, ಅಷ್ಟೇ."

"ಎರಡು ವರ್ಷ ಹಂಗೇ ಇರಬೇಕಾ?"

"ಹೂಂ. ಕಷ್ಟ ಅಲ್ವಾ?"

"ಕಷ್ಟ ಅಂತಲ್ಲ. ಒಂದು ಪೀಸ್ ಟೇಬಲ್ ಮೇಲಿದ್ರೆ ಅದು ಪಾಸೋ ಫೇಲೋ ಹೇಳದೆ ನಾನು ಮನೆಗೆ ಹೋಗಿಲ್ಲ ಇದುವರೆಗೂ."

ತನ್ಮಯಿ ನಕ್ಕು ಪೆನ್ನು ಮುಂದಿಟ್ಟಳು. ಕ್ಯಾಪ್ಸುಲ್ ಒಡೆದು ನೋಡಬಾರದು, ಬೇರೆಯವರಿಗೆ ಕೊಡಬಾರದು ಎಂಬ ಸಾಲುಗಳು ಮೂರನೇ ಪುಟದಲ್ಲಿದ್ದವು. ಸುಕೃತಿ ಓದಿಯೇ ಸಹಿ ಹಾಕಿದಳು.

ಅವಳೂ ಸೇರಿ ಅದೇ ತಿಂಗಳು ಪ್ರಯೋಗಕ್ಕೆ ಬಂದವರು ಹತ್ತೊಂಬತ್ತು ಜನ. ಇವರಿಗೆ ಶನಿವಾರ ಬೆಳಿಗ್ಗೆ ಆಸ್ಪತ್ರೆಯಲ್ಲೇ ವ್ಯಾಯಾಮದ ತರಗತಿ. ಮೂರು ತಿಂಗಳಿಗೊಮ್ಮೆ ಪರೀಕ್ಷೆ: ಇಪ್ಪತ್ತೈದು ಅಡಿ ನಡೆಯಬೇಕು, ಒಂಬತ್ತು ಗೂಟಗಳನ್ನು ಒಂಬತ್ತು ತೂತಿಗೆ ಹಾಕಿ ತೆಗೆಯಬೇಕು. ಎರಡಕ್ಕೂ ಗಡಿಯಾರ. ಸುಕೃತಿ ಬಾಗಲಗುಂಟೆಯಿಂದ ಎರಡು ಮೆಟ್ರೋ ಬದಲಿಸಿ ಬರುತ್ತಿದ್ದಳು. ಬಂದ ಮೊದಲ ದಿನವೇ ತನ್ಮಯಿಯ ಸ್ಟಾಪ್‌ವಾಚಿಗೆ ಕ್ಯಾಲಿಬ್ರೇಷನ್ ಚೀಟಿ ಇಲ್ಲ ಎಂದು ತಕರಾರು ತೆಗೆದಳು. ಮುಂದಿನ ವಾರ ತಾನೇ ಲ್ಯಾಬಿಗೆ ಒಯ್ದು, ಪರೀಕ್ಷಿಸಿ, ಚೀಟಿ ಅಂಟಿಸಿ ತಂದುಕೊಟ್ಟಳು.

ಅದನ್ನು ನೋಡಿ ಜೋರಾಗಿ ನಕ್ಕವನು ಮುನೀಂದ್ರ. ಕಾಡುಗೋಡಿಯವನು, ಮೂರು ತಲೆಮಾರಿನಿಂದ. ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ಕಾಲು ಕ್ಲಚ್ ಒತ್ತದಂತಾದ ಮೇಲೆ ಅಣ್ಣನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೂರುತ್ತಿದ್ದ.

"ಅಕ್ಕಾ, ನಂಗೂ ಒಂದು ಚೀಟಿ ಅಂಟ್ಸಿ. ನಮ್ಮನೇಲಿ ನನ್ನ ಯಾರೂ ನಂಬಲ್ಲ."

"ನಿಮ್ಮನ್ನ ಯಾವುದಕ್ಕೆ ಹೋಲಿಸಿ ನೋಡಲಿ?"

"ನಮ್ಮಣ್ಣನ್ನೇ ಇಕ್ಕಳಿ. ಅವ್ನು ಎಲ್ಲಾದ್ರಲ್ಲೂ ಸರಿಯಾಗವ್ನೆ ಅಂತ ಅವ್ನೇ ಯೋಳ್ತಾನೆ."

ಒಂದು ವರ್ಷ ಕಳೆಯುವ ಹೊತ್ತಿಗೆ ಮುನೀಂದ್ರ ಬದಲಾಗಿದ್ದ. ಇಪ್ಪತ್ತೈದು ಅಡಿಗೆ ಮೊದಲು ಹನ್ನೊಂದು ಸೆಕೆಂಡು ಬೇಕಿತ್ತು. ಹನ್ನೆರಡನೇ ತಿಂಗಳ ಪರೀಕ್ಷೆಯಲ್ಲಿ ಎಂಟೂವರೆ. ಕೋಲು ಬಿಟ್ಟಿದ್ದ.

"ನಂಗೆ ಒರಿಜಿನಲ್ಲೇ ಬಿದ್ದದೆ ಕಣಕ್ಕ, ಅನುಮಾನನೇ ಇಲ್ಲ" ಎಂದ, ಕ್ಯಾಂಟೀನಿನಲ್ಲಿ ಕೂತು. "ಬಾಯಿ ಒಣಗ್ತದೆ. ಮಧ್ಯಾನ ಅಂಗಡೀಲಿ ಕೂತ್ರೆ ಕಣ್ಣು ಅಂಗೇ ಮುಚ್ಕತದೆ. ಅಲರ್ಜಿ ಮಾತ್ರೆ ತಿಂದ್ರೆ ಇಂಗೇ ಆಗ್ತದಂತೆ, ಮೊಬೈಲಲ್ಲಿ ನೋಡ್ದೆ."

ಸುಕೃತಿಗೆ ಗೂಟದ ಪರೀಕ್ಷೆಯಲ್ಲಿ ಮೊದಲು ಮೂವತ್ತೊಂದು ಸೆಕೆಂಡು ಬೇಕಿತ್ತು. ಈಗ ಮೂವತ್ತು. ಒಂದು ಸೆಕೆಂಡಿನ ವ್ಯತ್ಯಾಸ ಕೈಯ ಏರುಪೇರಿನೊಳಗೇ ಬರುತ್ತದೆ ಎಂದು ಅವಳು ಅದನ್ನು ಸೊನ್ನೆ ಎಂದು ಬರೆದುಕೊಂಡಿದ್ದಳು. ಅವಳಿಗೂ ಮಧ್ಯಾಹ್ನ ಜೋಂಪು ಹತ್ತುತ್ತಿತ್ತು. ಆದರೆ ಊಟದ ನಂತರ ಇಪ್ಪತ್ತು ಡಿಗ್ರಿ ಏಸಿಯಲ್ಲಿ ಕೂತ ಯಾರಿಗೆ ಜೋಂಪು ಹತ್ತುವುದಿಲ್ಲ? ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಲ್ಯಾಬಿನಲ್ಲಿ ಅವಳ ಬೆರಳಿನ ವಿಷಯ ಮ್ಯಾನೇಜರಿಗೆ ಗೊತ್ತಿತ್ತು. ಮುಂದಿನ ಏಪ್ರಿಲ್‌ನಲ್ಲಿ ಹೊರಗಿನ ಪರಿಶೀಲಕರು ಬಂದು, ಎದುರಿಗೆ ನಿಂತು, ಅವಳು ಬಿಲ್ಲೆ ಕೂಡಿಸುವುದನ್ನು ನೋಡುತ್ತಾರೆ. ಆಗದಿದ್ದರೆ ಸಹಿ ಹಾಕುವ ಅಧಿಕಾರ ಹೋಗುತ್ತದೆ. ರಶೀದಿ ಬರೆಯುವ ಮೇಜಿಗೆ ಕಳಿಸುತ್ತಾರೆ. ತನ್ನೊಳಗೆ ಹೋಗುತ್ತಿರುವುದು ಔಷಧವೋ ಹಿಟ್ಟೋ ಎಂಬುದು ಅವಳಿಗೆ ಬರೀ ಕುತೂಹಲವಾಗಿರಲಿಲ್ಲ. ಹಿಟ್ಟಾದರೆ ಇನ್ನೊಂದು ವರ್ಷ ಹಿಟ್ಟು ತಿನ್ನುವಷ್ಟು ಸಮಯ ಇರಲಿಲ್ಲ.

ಲ್ಯಾಬಿನಲ್ಲಿ ಒಂದು ಗ್ರಾಂನ ಹತ್ತು ಸಾವಿರದಲ್ಲೊಂದು ಪಾಲನ್ನು ತೋರಿಸುವ ತಕ್ಕಡಿ ಇತ್ತು. ಗಾಜಿನ ಪೆಟ್ಟಿಗೆಯೊಳಗೆ, ಕಲ್ಲಿನ ಮೇಜಿನ ಮೇಲೆ. ಅದನ್ನು ನೋಡಿಕೊಳ್ಳುತ್ತಿದ್ದವನು ಬಸಲಿಂಗ, ಬಾಗಲಕೋಟೆ ಕಡೆಯವನು. ಒಂದು ಸೋಮವಾರ ಸುಕೃತಿ ಚಿಮಟದಿಂದ ಒಂದೊಂದೇ ಕ್ಯಾಪ್ಸುಲ್ ಎತ್ತಿ ಅದರೊಳಗಿಡುವುದನ್ನು ಅವನು ನೋಡಿದ.

"ಏನ್ರೀ ಮೇಡಂ, ಗುಳಗಿ ತೂಗಾಕ ಹತ್ತೀರಿ? ಗೋಲ್ಡ್ ಅದಾವೇನು?"

"ಒಡೆಯೋ ಹಂಗಿಲ್ಲ ಬಸಲಿಂಗ. ತೂಗಬಾರದು ಅಂತ ಎಲ್ಲೂ ಬರ್ದಿಲ್ಲ."

ಹತ್ತು ತೂಗಿದಳು. ಸರಾಸರಿ 453 ಮಿಲಿಗ್ರಾಂ. ಒಂದಕ್ಕೂ ಇನ್ನೊಂದಕ್ಕೂ ಮೂರು ನಾಲ್ಕು ಮಿಲಿಗ್ರಾಂ ಏರುಪೇರು. ಮುಂದಿನ ಶನಿವಾರ ಮುನೀಂದ್ರನಿಂದ ಹತ್ತು ಕ್ಯಾಪ್ಸುಲ್ ಕೇಳಿ ತಂದಳು. ಅವನದು 431.

ಇಪ್ಪತ್ತೆರಡು ಮಿಲಿಗ್ರಾಂ ವ್ಯತ್ಯಾಸ. ಅವಳಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಮತ್ತೆ ತೂಗಿದಳು. ಅದೇ.

"ಎರಡೂ ಬ್ಯಾರೆ ಮಾಲು, ಖರೆ" ಎಂದ ಬಸಲಿಂಗ. "ಆದ್ರ ಯಾವ್ದು ಔಷಧ ಅಂತ ಹೆಂಗ ಹೇಳ್ತೀರಿ? ಮಾಸ್ಟರ್ ಎಲ್ಲೈತಿ?"

ಮಾಸ್ಟರ್ ಎಂದರೆ ಸರಿ ಎಂದು ಮೊದಲೇ ಖಚಿತವಾದ ತುಂಡು. ಉಳಿದದ್ದನ್ನೆಲ್ಲ ಅದಕ್ಕೆ ಹೋಲಿಸುತ್ತಾರೆ. ಮಾಸ್ಟರ್ ಇಲ್ಲದೆ ಅಳೆದರೆ ವ್ಯತ್ಯಾಸ ಸಿಗುತ್ತದೆ, ತೀರ್ಪು ಸಿಗುವುದಿಲ್ಲ. ಹೊಸದಾಗಿ ಸೇರಿದವರಿಗೆ ಸುಕೃತಿ ಮೊದಲ ದಿನ ಹೇಳಿಕೊಡುತ್ತಿದ್ದ ಪಾಠ ಇದೇ.

"ಮುನೀಂದ್ರ ಇದ್ದಾರಲ್ಲ" ಎಂದಳು. "ಬಾಯಿ ಒಣಗುತ್ತೆ, ನಿದ್ದೆ ಬರುತ್ತೆ, ಎರಡೂವರೆ ಸೆಕೆಂಡ್ ಇಂಪ್ರೂವ್ ಆಗಿದ್ದಾರೆ. ಅವರದ್ದೇ ಔಷಧ."

"ಮನಷ್ಯಾನ ಮಾಸ್ಟರ್ ಮಾಡೀರಿ? ಅಂವಗ ಸರ್ಟಿಫಿಕೇಟ್ ಯಾರ್ ಕೊಟ್ಟಾರ?"

"ಬೇರೆ ಏನಿದೆ ನನ್ನತ್ರ?"

ಬಸಲಿಂಗ ಚಹಾಕ್ಕೆ ಹೋದ.

ಮುನೀಂದ್ರನ ಬಾಯಿ ಕಟ್ಟುವುದು ಯಾರಿಂದಲೂ ಸಾಧ್ಯವಿರಲಿಲ್ಲ. ಎರಡು ವಾರದಲ್ಲಿ ಶನಿವಾರದ ಉಳಿದ ಹದಿನೇಳು ಜನವೂ ಒಬ್ಬೊಬ್ಬರಾಗಿ, ಕರ್ಚೀಫಿನಲ್ಲಿ, ಲಂಚ್ ಬಾಕ್ಸಿನಲ್ಲಿ, ಖಾಲಿ ಬೆಂಕಿಪೊಟ್ಟಣದಲ್ಲಿ ಕ್ಯಾಪ್ಸುಲ್ ತಂದು ಅವಳ ಕೈಗಿಟ್ಟರು. ಅವಳು ಬೇಡ ಎನ್ನಲಿಲ್ಲ. ಅವಳಿಗೂ ಹತ್ತೊಂಬತ್ತರ ಪಟ್ಟಿ ಬೇಕಿತ್ತು. ಎಲ್ಲವನ್ನೂ ತೂಗಿ, ಒಂದೂ ಕಳೆಯದಂತೆ ಮರುವಾರ ವಾಪಸ್ ಕೊಟ್ಟಳು. ಪ್ರತಿಯೊಬ್ಬರಿಗೂ ವಾಟ್ಸಾಪ್‌ನಲ್ಲಿ ಪ್ರತ್ಯೇಕ ವರದಿ: ಎಷ್ಟು ತೂಗಿದೆ, ಸರಾಸರಿ ಎಷ್ಟು, ಏರುಪೇರು ಎಷ್ಟು, ಗುಂಪು ಯಾವುದು. ಹಗುರ ಗುಂಪಿನಲ್ಲಿ ಹನ್ನೊಂದು ಜನ, ಭಾರದ ಗುಂಪಿನಲ್ಲಿ ಅವಳೂ ಸೇರಿ ಎಂಟು. ನಡುವೆ ಯಾರೂ ಇಲ್ಲ. ಅಷ್ಟು ಸ್ವಚ್ಛವಾದ ಫಲಿತಾಂಶ ಅವಳಿಗೆ ಕೆಲಸದಲ್ಲೂ ಅಪರೂಪ.

ಅಲ್ಲಿಂದಾಚೆಗೆ ಆದದ್ದನ್ನು ಅವಳು ಊಹಿಸಿರಲಿಲ್ಲ. ಭಾರದವರು ಕೋಪಿಸಿಕೊಂಡು ಬಿಟ್ಟುಹೋಗಬಹುದು ಎಂದುಕೊಂಡಿದ್ದಳು. ಯಾರೂ ಹೋಗಲಿಲ್ಲ. ಹಗುರದವರು ಹಂಚತೊಡಗಿದರು. ಮೊದಲು ಮಾಡಿದವನು ಮುನೀಂದ್ರ. ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡಿ ಬಿಟ್ಟಿದ್ದ ವೇಣಿ ಎಂಬಾಕೆಯದು ಭಾರದ ಗುಂಪು. ಮಗಳ ಜಡೆ ಹಾಕಲು ಕೈ ಬರುತ್ತಿಲ್ಲ ಎಂದು ಅವಳು ವ್ಯಾಯಾಮದ ಚಾಪೆಯ ಮೇಲೆ ಕೂತು ಹೇಳಿದ್ದಳು.

"ಒಂದಿನ ನಾನು ತಿಂತೀನಿ, ಒಂದಿನ ನೀನು ತಿನ್ನು. ನಂದು ಎಂಗೂ ಸರಿಯಾಗದೆ" ಎಂದು ಮುನೀಂದ್ರ ಅರ್ಧ ಬಾಟಲಿ ಅವಳಿಗೆ ಸುರಿದ. ಅವಳದರಲ್ಲಿ ಅರ್ಧ ತಾನು ತೆಗೆದುಕೊಂಡ, ಲೆಕ್ಕಕ್ಕೆ ಕಮ್ಮಿಯಾಗಬಾರದಲ್ಲ ಎಂದು.

"ಡೂಪು ತಿಂದ್ರೆ ನಿಮಗೇನೂ ಆಗಲ್ವಾ ಅಣ್ಣ?" ವೇಣಿ ಕೇಳಿದಳು.

"ಇಟ್ಟು ಅಲ್ವೇನಮ್ಮ? ಮುದ್ದೆ ತಿಂದು ಬೆಳ್ದೋನು ನಾನು."

ತಿಂಗಳೊಳಗೆ ಹದಿನಾಲ್ಕು ಜನ ಹೀಗೆ ಅದಲುಬದಲು ಮಾಡಿಕೊಂಡಿದ್ದರು. ಸುಕೃತಿಗೂ ಇಬ್ಬರು ಕೊಡಲು ಬಂದರು. "ಅದು ನಿಮ್ಮ ಪಾಲು" ಎಂದು ಅವಳು ತೆಗೆದುಕೊಳ್ಳಲಿಲ್ಲ. ಬಾಗಲಗುಂಟೆಯ ಮೆಡಿಕಲ್ ಸ್ಟೋರಿನಲ್ಲಿ ಅಪ್ಪನ ಸಕ್ಕರೆ ಮಾತ್ರೆಯ ಚೀಟಿ ತೋರಿಸಿ ಒಂದನ್ನು, ತುರಿಕೆ ಎಂದು ಹೇಳಿ ಇನ್ನೊಂದನ್ನು ಕೊಂಡಳು. ಪ್ರಯೋಗದ ಕಾಗದದಲ್ಲಿದ್ದಷ್ಟೇ ಪ್ರಮಾಣ. ಹಾಗಾದರೆ ಆಸ್ಪತ್ರೆಯ ಕ್ಯಾಪ್ಸುಲ್ ಏನು ಮಾಡುವುದು? ಮೂರು ತಿಂಗಳಿಗೊಮ್ಮೆ ತನ್ಮಯಿ ಬಾಟಲಿಯಲ್ಲಿ ಉಳಿದದ್ದನ್ನು ಎಣಿಸಿ ಬರೆಯುತ್ತಾಳೆ. ಕಸಕ್ಕೆ ಹಾಕಿ, ತಿಂದೆ ಎಂದು ಬರೆಸಿದರೆ ಅದು ಸುಳ್ಳು ದಾಖಲೆ. ಹನ್ನೊಂದು ವರ್ಷದ ಕೆಲಸದಲ್ಲಿ ಸುಕೃತಿ ಒಂದು ಅಂಕಿಯನ್ನೂ ತಿದ್ದಿರಲಿಲ್ಲ. ಆದ್ದರಿಂದ ಅದನ್ನೂ ನುಂಗಿದಳು, ಇದನ್ನೂ ನುಂಗಿದಳು.

ಮೊದಲ ವಾರ ಅವಳಿಗೆ ಸಂತೋಷವಾಯಿತು. ಬಾಯಿ ಒಣಗಿತು. ಎರಡನೇ ವಾರ ಮೆಟ್ರೋದಲ್ಲಿ ನಿಂತೇ ನಿದ್ದೆ ಹೋಗಿ ನಿಲ್ದಾಣ ದಾಟಿದಳು. ಔಷಧ ಕೆಲಸ ಮಾಡುತ್ತಿದೆ ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದಳು. ಎಡಗೈಯಲ್ಲಿ ಸೂಜಿ ಹಿಡಿದು ಬಲಗೈ ಬೆರಳನ್ನು ದಿನಾ ಬೆಳಿಗ್ಗೆ ಚುಚ್ಚಿ ನೋಡುತ್ತಿದ್ದಳು. ಹತ್ತೊಂಬತ್ತನೇ ದಿನ ಏನೋ ತಿಳಿದಂತಾಯಿತು. ಇಪ್ಪತ್ತನೇ ದಿನ ಇಲ್ಲ.

ಹದಿನಾಲ್ಕನೇ ತಿಂಗಳ ಒಂದು ಭಾನುವಾರ ಬೆಳಿಗ್ಗೆಯಿಂದ ಅವಳಿಗೆ ಮೂತ್ರ ಬರಲಿಲ್ಲ. ಮಧ್ಯಾಹ್ನಕ್ಕೆ ಹೊಟ್ಟೆ ಕಲ್ಲಾಯಿತು, ಮಾತು ತೊದಲಿತು. ಅಪ್ಪ ಪಟ್ಟಾಭಿರಾಮ ಸರ್ಕಾರಿ ವಾಚ್ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಇನ್‌ಸ್ಪೆಕ್ಷನ್‌ನಲ್ಲಿದ್ದು ನಿವೃತ್ತರಾದವರು. ಅವಳ ಕೋಣೆಯಲ್ಲಿ ಮಾತ್ರೆಯ ಹಾಳೆಗಳನ್ನು ಕಂಡು, ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ, ಆಟೋ ಹತ್ತಿಸಿದರು.

"ನನ್ನ ಶುಗರ್ ಚೀಟಿ ತೋರಿಸಿ ತಗೊಂಡ್ಯಾ?"

"ಹೂಂ."

"ಕೇಳಿದ್ರೆ ನಾನೇ ತಂದ್ಕೊಡ್ತಿದ್ನಲ್ಲೇ. ಡಿಸ್ಕೌಂಟ್ ಇದೆ ನಂಗೆ."

ಹತ್ತಿರದ ನರ್ಸಿಂಗ್ ಹೋಮಿನಲ್ಲಿ ನಳಿಕೆ ಹಾಕಿ ಮೂತ್ರ ತೆಗೆದರು. ಚೀಲದಲ್ಲಿದ್ದುದನ್ನು ನೋಡಿದ ಡ್ಯೂಟಿ ಡಾಕ್ಟರ್, ಕ್ಯಾಪ್ಸುಲ್‌ನೊಳಗೆ ಏನಿದೆ ಎಂದು ತಿಳಿಯದೆ ಮುಂದೆ ಏನೂ ಕೊಡಲಾಗದು ಎಂದರು. ಬಾಟಲಿಯ ಮೇಲಿದ್ದ ನಂಬರಿಗೆ ಪಟ್ಟಾಭಿರಾಮರು ಫೋನ್ ಮಾಡಿದರು. ಪ್ರಯೋಗದ ಮುಖ್ಯಸ್ಥೆ ಡಾಕ್ಟರ್ ವೆಂಕಟಲಕ್ಷ್ಮಿ ಫಾರ್ಮಸಿಯ ಲಾಕರ್ ತೆಗೆಸಿ ಒಂದು ಕವರ್ ಒಡೆಸಿದರು.

ಮೂರು ದಿನದ ನಂತರ ಸುಕೃತಿ ಅವರೆದುರು ಕೂತಿದ್ದಳು. ತನ್ಮಯಿ ಬಾಗಿಲ ಬಳಿ ನಿಂತಿದ್ದಳು.

"ನಿಂದು ನಿಜವಾದ ಔಷಧನೇ" ಎಂದರು ವೆಂಕಟಲಕ್ಷ್ಮಿ. "ಮೊದಲ ದಿನದಿಂದ. ಈಗ ಡಬಲ್ ಡೋಸ್ ಆಯ್ತು. ಅಲರ್ಜಿ ಮಾತ್ರೆ ಮೂತ್ರ ಕಟ್ಟುತ್ತೆ, ಈ ಕಾಯಿಲೇಲಿ ಇನ್ನೂ ಬೇಗ."

ಸುಕೃತಿ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. "ಹಾಗಾದ್ರೆ ಭಾರದ್ದೇ ಔಷಧ. ನಾನು ಗುಂಪು ಉಲ್ಟಾ ಹೇಳ್ಬಿಟ್ಟೆ."

"ಯಾವ ಗುಂಪು?"

ಅವಳು ಹೇಳಿದಳು. ಎಲ್ಲವನ್ನೂ, ಅಂಕಿ ಸಮೇತ. ತನ್ಮಯಿ ಬಾಗಿಲು ಮುಚ್ಚಿ ಒಳಬಂದು ಕೂತಳು. ವೆಂಕಟಲಕ್ಷ್ಮಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಉಲ್ಟಾನೂ ಅಲ್ಲ. ತೂಕಕ್ಕೂ ಔಷಧಕ್ಕೂ ಸಂಬಂಧನೇ ಇಲ್ಲ. ವರ್ಷದ ಮಧ್ಯದಲ್ಲಿ ಖಾಲಿ ಕ್ಯಾಪ್ಸುಲ್ ಕೊಡೋರು ಬದಲಾದ್ರು, ತುಂಬಿಸೋ ಪುಡೀನೂ ಬದಲಾಯ್ತು. ಹಳೇ ಲಾಟ್ ಹಗುರ, ಹೊಸ ಲಾಟ್ ಭಾರ. ಈ ಸಲ ಕೆಲವರಿಗೆ ಹಳೇದು ಸಿಕ್ಕಿದೆ, ಕೆಲವರಿಗೆ ಹೊಸದು. ಎರಡು ಲಾಟಲ್ಲೂ ಔಷಧ ಇದೆ, ಎರಡರಲ್ಲೂ ಹಿಟ್ಟಿದೆ. ಒಂದೇ ಲಾಟ್ ಒಳಗೆ ತೂಕ ಒಂದೇ ಇರೋ ಹಾಗೆ ನೋಡ್ಕೊಂಡಿದ್ವಿ."

ಹಳೆಯ ಲಾಟಿನ ತನ್ನದೇ ಒಂಬತ್ತನೇ ತಿಂಗಳ ಬಾಟಲಿಯನ್ನೂ ತೂಗಿದ್ದರೆ ಅವಳಿಗೇ ತಿಳಿಯುತ್ತಿತ್ತು. ಅದನ್ನು ಹಿಂದಿರುಗಿಸಿಯಾಗಿತ್ತು. ಕೈಗೆ ಸಿಕ್ಕ ಒಂದೇ ಲಾಟ್ ನೋಡಿ ತೀರ್ಪು ಕೊಟ್ಟವರ ವರದಿಗಳನ್ನು ಅವಳು ಎಷ್ಟೋ ಸಲ ತಿರಸ್ಕರಿಸಿ ವಾಪಸ್ ಕಳಿಸಿದ್ದಳು.

"ಒಂದು ಕೇಳ್ಲಾ ಮೇಡಂ?" ಎಂದಳು. "ಒಂದು ವರ್ಷ ಔಷಧನೇ ತಿಂದಿದ್ದೀನಿ. ಬೆರಳು ಹಂಗೇ ಇದೆ. ಗೂಟಕ್ಕೆ ಒಂದು ಸೆಕೆಂಡ್ ಕಮ್ಮಿ. ಹಾಗಾದ್ರೆ ಇದು ಕೆಲಸ ಮಾಡಲ್ಲ ಅಂತನಾ?"

"ಗೊತ್ತಿಲ್ಲ. ಔಷಧ ಇಲ್ದೆ ಇದ್ದಿದ್ರೆ ಮೂವತ್ತೊಂದು ನಲವತ್ತಾಗ್ತಿತ್ತೇನೋ. ಮೂವತ್ತೇ ಇರ್ತಿತ್ತೇನೋ. ನಿನ್ನೊಬ್ಬಳನ್ನ ನೋಡಿ ಹೇಳೋ ಹಾಗಿದ್ದಿದ್ರೆ ಅರವತ್ತನಾಲ್ಕು ಜನ ಯಾಕೆ ಬೇಕಿತ್ತು?"

"ಮುನೀಂದ್ರ?"

"ಅವರ ಕವರ್ ತೆಗೆಯೋ ಕಾರಣ ಇಲ್ಲ. ಶನಿವಾರ ವ್ಯಾಯಾಮ ಮಾಡಿ ಮಾಡಿ ಕಾಲು ಗಟ್ಟಿಯಾಗಿರಬಹುದು. ಔಷಧನೂ ಆಗಿರಬಹುದು. ಈಗ ಯಾರ ಬಾಟಲೀಲಿ ಯಾರದ್ದಿದೆ ಅಂತ ದೇವ್ರಿಗೂ ಗೊತ್ತಿಲ್ಲ, ಅಲ್ವಾ?"

ಅವರು ಬೈಯಲಿಲ್ಲ. ಬೈದಿದ್ದರೆ ಸುಕೃತಿಗೆ ಸಲೀಸಾಗುತ್ತಿತ್ತು. ತನ್ಮಯಿ ಮಾತ್ರ ಹೊರಗೆ ಬಂದ ಮೇಲೆ ಹೇಳಿದಳು: "ನನ್ನ ಸ್ಟಾಪ್‌ವಾಚ್‌ಗೆ ಚೀಟಿ ಅಂಟಿಸಿದ್ರಲ್ಲ, ಆವತ್ತೇ ನಿಮ್ಮನ್ನ ಹೊರಗೆ ಹಾಕ್ಬೇಕಿತ್ತು ಕಣ್ರೀ."

ಸುಕೃತಿ ಅದೇ ದಿನ ಉಳಿದ ಹದಿನೆಂಟು ಜನಕ್ಕೂ ತಿದ್ದುಪಡಿ ಕಳಿಸಿದಳು: 'ಹಿಂದಿನ ವರದಿ ರದ್ದು. ತೂಕದಿಂದ ಏನೂ ತಿಳಿಯುವುದಿಲ್ಲ. ತಪ್ಪು ನನ್ನದು.' ಮುನೀಂದ್ರ ಕೂಡಲೇ ಫೋನ್ ಮಾಡಿದ.

"ಅಕ್ಕಾ, ಅಂಗಾರೆ ನಂದು ಒರಿಜಿನಲ್ಲೋ ಡೂಪೋ?"

"ಗೊತ್ತಿಲ್ಲ."

"ಮತ್ತೆ ನಾನು ಎಂಟೂವರೆ ಸೆಕೆಂಡಲ್ಲಿ ನಡ್ದಿದ್ದು?"

"ಅದು ನಿಜ. ವಾಚ್ ನಾನೇ ಚೆಕ್ ಮಾಡಿದ್ದು."

"ಅದೊಂದು ಇರ್ಲಿ ಬುಡಿ. ವೇಣಿ ವಾರದಿಂದ ಚೆನ್ನಾಗಿ ಜಡೆ ಆಕ್ತಾವ್ಳಂತೆ. ಅವ್ಳಿಗೆ ಈ ಮೆಸೇಜ್ ಓದ್ಬೇಡ ಅಂತ ಯೋಳ್ಲಾ?"

ಅಷ್ಟರಲ್ಲಿ ವೇಣಿ ಓದಿಯಾಗಿತ್ತು.

ಆಸ್ಪತ್ರೆಯ ನೈತಿಕ ಸಮಿತಿ ಎರಡು ಸಲ ಸಭೆ ಸೇರಿತು. ಬದಲಿಸಿಕೊಂಡವರು ಹದಿನಾಲ್ಕೇ ಆದರೂ, ತಮ್ಮದು ಯಾವುದೆಂದು ಗೊತ್ತಾಯಿತು ಎಂದು ನಂಬಿದವರು ಹತ್ತೊಂಬತ್ತೂ ಜನ. ನಂಬಿಕೆಯೇ ನಡಿಗೆಯನ್ನು ಬದಲಿಸುತ್ತದೆ ಎಂದು ಸಮಿತಿ ಅಷ್ಟೂ ಜನರನ್ನು ಪ್ರಯೋಗದಿಂದ ಕೈಬಿಟ್ಟಿತು. ಉತ್ತರ ಹೇಳಲು ಎರಡು ವರ್ಷದ ಕೊನೆಗೆ ಕನಿಷ್ಠ ಐವತ್ತಾರು ಜನ ಉಳಿದಿರಬೇಕು ಎಂದು ಅಂಕಿಅಂಶದವರು ಮೊದಲೇ ಬರೆದಿಟ್ಟಿದ್ದರು. ಉಳಿದವರು ನಲವತ್ತೈದು. ಹೊಸಬರನ್ನು ಸೇರಿಸಿಕೊಳ್ಳಲು ಟ್ರಸ್ಟ್ ಒಪ್ಪಲಿಲ್ಲ. ಆ ಎರಡು ಮಾತ್ರೆಗಳು ಈಗಲೂ ಅಂಗಡಿಯಲ್ಲಿ ಸಿಗುತ್ತವೆ. ನರದ ಹೊದಿಕೆ ಬೆಳೆಯುತ್ತದೋ ಇಲ್ಲವೋ, ಈ ಆಸ್ಪತ್ರೆ ಹೇಳಲಾರದು.

ಹೋದದ್ದು ಇಷ್ಟು: ಹತ್ತೊಂಬತ್ತು ಜನ. ಒಬ್ಬೊಬ್ಬರದು, ಮೊದಲನೆಯದೂ ಸೇರಿ, ಐದರಂತೆ ತೊಂಬತ್ತೈದು ಪರೀಕ್ಷೆ. ಹದಿನಾಲ್ಕರಂತೆ ಇನ್ನೂರ ಅರವತ್ತಾರು ತಿಂಗಳು.